ಪರದೆಯಿಂದ ಹಿಂದಕ್ಕೆ ಲೆಕ್ಕ ಹಾಕಿ: ದುಬಾರಿ ಗೇಮಿಂಗ್ ಪಿಸಿಗೆ ಬಿಡಿಭಾಗ ಆರಿಸುವುದು ಹೇಗೆ?

2025ರ ಮಧ್ಯದಲ್ಲಿ ದಾವಣಗೆರೆಯ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ. ಕೆಲಸಕ್ಕೆ ಸೇರಿ ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸಬೇಕಂತೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್, ಹದಿನಾರು ಕೋರಿನ ಪ್ರೊಸೆಸರ್, ನಾಲ್ಕು ಸ್ಟಿಕ್ ರ‍್ಯಾಮ್, ಸುತ್ತಲೂ ಗಾಜಿರುವ ಕ್ಯಾಬಿನೆಟ್, ಅದರೊಳಗೆ ಬಣ್ಣ ಬದಲಿಸುವ ಹತ್ತು ಫ್ಯಾನ್. ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ಕೊನೆಯ ಸಾಲು ಹೀಗಿತ್ತು: 'ಮಾನಿಟರ್ ಮನೇಲಿರೋದೇ ಸಾಕು ಮಾಮ.'

ಮನೆಯಲ್ಲಿದ್ದದ್ದು ಅವನು ಪಿಯುಸಿ ಸೇರುವಾಗ ಭಾವ ಕೊಡಿಸಿದ 22 ಇಂಚಿನ 1080ಪಿ ಪರದೆ. 60 ಹರ್ಟ್ಸ್‌ನದು. ಅಂದರೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುವುದಷ್ಟೇ ಅದರ ಕೈಲಾಗುವುದು. ಕಾರ್ಡು ಸೆಕೆಂಡಿಗೆ ಮುನ್ನೂರು ಚಿತ್ರ ಬಿಡಿಸಿದರೂ ಉಳಿದವು ಕಣ್ಣಿಗೇ ಬೀಳುವುದಿಲ್ಲ. ಭಾರತದಲ್ಲಿ ಬಿಡುಗಡೆಯಾದಾಗಲೇ 2,14,000 ರೂಪಾಯಿ ಬೆಲೆಯಿದ್ದ ಕಾರ್ಡನ್ನು ತಂದು ಅಂಥ ಪರದೆಗೆ ಸಿಕ್ಕಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅವನನ್ನು ಬೈದು ಪ್ರಯೋಜನವಿಲ್ಲ. ಪಿಸಿ ಕಟ್ಟುವ ಎಲ್ಲರೂ ಪಟ್ಟಿಯನ್ನು ಪ್ರೊಸೆಸರಿನಿಂದ ಶುರು ಮಾಡುತ್ತಾರೆ. ಅಂಗಡಿಯ ಕೊಟೇಶನ್ನಿನಲ್ಲೂ ಅದೇ ಮೊದಲ ಸಾಲು, ಮಾನಿಟರ್ ಕೊನೆಯ ಸಾಲು. ನನ್ನ ಪ್ರಕಾರ ಆ ಚೀಟಿಯನ್ನು ತಲೆಕೆಳಗು ಹಿಡಿದು ಓದಬೇಕು. ಮೊದಲು ಪರದೆ. ಆ ಪರದೆಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್. ಆ ಕಾರ್ಡು ಕಾಯದ ಹಾಗೆ ಕೆಲಸ ಒದಗಿಸುವ ಪ್ರೊಸೆಸರ್. ಇವೆರಡಕ್ಕೂ ವಿದ್ಯುತ್ ಕೊಡುವ ಎಸ್‌ಎಂಪಿಎಸ್, ಅವುಗಳ ಬಿಸಿ ಹೊರಹಾಕುವ ಕ್ಯಾಬಿನೆಟ್. ಈ ಕ್ರಮ ಹಿಡಿದರೆ ಮುಂದಿನ ಪ್ರತಿ ಆಯ್ಕೆಯನ್ನೂ ಹಿಂದಿನದೇ ಅರ್ಧ ಮಾಡಿಕೊಟ್ಟಿರುತ್ತದೆ.

ಚುಕ್ಕಿ ಎಷ್ಟು, ಸಮಯ ಎಷ್ಟು

1080ಪಿ ಪರದೆಯಲ್ಲಿ ಇರುವುದು 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿ. 1440ಪಿ ಪರದೆಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷ, 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಚಿತ್ರಕ್ಕೂ ಅಷ್ಟೂ ಚುಕ್ಕಿಗಳ ಬಣ್ಣವನ್ನು ಗ್ರಾಫಿಕ್ಸ್ ಕಾರ್ಡ್ ಲೆಕ್ಕ ಹಾಕಬೇಕು.

ಅದಕ್ಕಿರುವ ಸಮಯ? 60 ಹರ್ಟ್ಸ್ ಪರದೆಯಾದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 144 ಹರ್ಟ್ಸ್ ಆದರೆ 6.9. 240 ಆದರೆ 4.2 ಮಾತ್ರ. ಹಾಗಾಗಿ '4ಕೆ 240 ಹರ್ಟ್ಸ್' ಎಂದು ಸಲೀಸಾಗಿ ಹೇಳಿಬಿಟ್ಟರೆ ನಾಲ್ಕು ಪಟ್ಟು ಕೆಲಸವನ್ನು ಕಾಲು ಭಾಗ ಸಮಯದಲ್ಲಿ ಮುಗಿಸು ಎಂದ ಹಾಗಾಯಿತು. ಹೈ ಎಂಡ್ ಎನ್ನುವ ಮಾತಿಗೆ ಇದನ್ನು ಬಿಟ್ಟರೆ ಬೇರೆ ಅಳತೆ ಇಲ್ಲ.

ಯಾವ ಪರದೆ ಬೇಕು ಎನ್ನುವುದು ಆಡುವ ಆಟದ ಮೇಲೆ ನಿಂತಿದೆ. ಕೌಂಟರ್ ಸ್ಟ್ರೈಕ್ 2, ವ್ಯಾಲೊರಂಟ್ ಆಡುವವರಿಗೆ ಎದುರಾಳಿ ಗೋಡೆಯ ಹಿಂದಿನಿಂದ ತಲೆ ಹಾಕಿದ ತಕ್ಷಣ ಕಾಣಬೇಕು. ಅವರಿಗೆ ಹರ್ಟ್ಸ್ ಮುಖ್ಯ, ಗೋಡೆಯ ಇಟ್ಟಿಗೆ ಎಷ್ಟು ಚೆಂದವಿದೆ ಎಂಬುದಲ್ಲ. ಸೈಬರ್‌ಪಂಕ್ 2077 ಥರದ ಆಟದಲ್ಲಿ ಮಳೆ ನಿಂತ ರಸ್ತೆಯ ಮೇಲೆ ಬೀಳುವ ಬೋರ್ಡಿನ ಬೆಳಕನ್ನು ನೋಡುತ್ತಾ ನಿಲ್ಲುವವರಿಗೆ ಚುಕ್ಕಿ ಮುಖ್ಯ. ಎರಡೂ ಬೇಕು, ಮೇಜಿನ ಎದುರು ಕುರ್ಚಿಯಲ್ಲಿ ಕೂತೇ ಆಡುತ್ತೇನೆ ಎನ್ನುವವರಿಗೆ 27 ಇಂಚಿನ 1440ಪಿ ಪರದೆಯೇ ಇವತ್ತಿಗೂ ಹದವಾದ ಜಾಗ ಎಂಬುದು ನನ್ನ ಅನಿಸಿಕೆ. ಓಎಲ್‌ಇಡಿಗೆ ದುಡ್ಡಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಪ್ರತಿ ಚುಕ್ಕಿಗೂ ತನ್ನದೇ ಬೆಳಕು. ಕತ್ತಲೆ ಎಂದರೆ ಅಲ್ಲಿ ನಿಜಕ್ಕೂ ಕತ್ತಲೆ.

ಬೆಣ್ಣೆ ದೋಸೆ ಹೋಟೆಲಿನಲ್ಲಿ

ಪ್ರೊಸೆಸರ್ ದೊಡ್ಡದೋ ಗ್ರಾಫಿಕ್ಸ್ ಕಾರ್ಡ್ ದೊಡ್ಡದೋ ಎಂದು ಅಳಿಯ ಫೋನಿನಲ್ಲಿ ಅರ್ಧ ಗಂಟೆ ವಾದ ಮಾಡಿದ. ಊರಿಗೆ ಹೋದಾಗ ದೋಸೆ ಹೋಟೆಲಿಗೆ ಕರಕೊಂಡು ಹೋಗಿ, ಕಾವಲಿ ಕಾಣುವ ಟೇಬಲ್ ಹಿಡಿದು ಕೂತೆ.

ಗಲ್ಲಾದಲ್ಲಿ ಒಬ್ಬರು ಟೋಕನ್ ಕೊಡುತ್ತಿದ್ದರು. ಒಳಗೆ ಕಟ್ಟಿಗೆ ಒಲೆಯ ಮೇಲೆ ದೊಡ್ಡ ಕಾವಲಿ, ಒಂದೇ ಸಲಕ್ಕೆ ಹತ್ತಾರು ದೋಸೆ. ಟೋಕನ್ ಬರೆಯುವವರು ಪ್ರೊಸೆಸರ್. ಈಗ ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿಗೆ ತಾಗಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತೀರ್ಮಾನಿಸಿ, 'ಈ ಚಿತ್ರ ಬಿಡಿಸು' ಎಂದು ಚೀಟಿ ಕಳಿಸುವುದು ಅದರ ಕೆಲಸ. ಕಾವಲಿಯೇ ಗ್ರಾಫಿಕ್ಸ್ ಕಾರ್ಡ್. ಬುದ್ಧಿ ಕಡಿಮೆ, ಜಾಗ ವಿಶಾಲ. ಒಂದೇ ಬಗೆಯ ಕೆಲಸವನ್ನು ಸಾವಿರಾರು ಕಡೆ ಒಟ್ಟಿಗೆ ಮಾಡುತ್ತದೆ. ಗಲ್ಲಾದವರು ನಿಧಾನವಾದರೆ ಕಾವಲಿ ಖಾಲಿ ಸುಡುತ್ತದೆ. ಕಾವಲಿ ಚಿಕ್ಕದಾದರೆ ಟೋಕನ್ನುಗಳು ಮೊಳೆಗೆ ಚುಚ್ಚಿಕೊಂಡು ಕಾಯುತ್ತವೆ.

ಇನ್ನು ಗಮನಿಸಬೇಕಾದ್ದು ಇದು. ನಾಳೆಯಿಂದ ದೋಸೆ ನಾಲ್ಕು ಪಟ್ಟು ದೊಡ್ಡದಾಗಲಿ ಎಂದರೆ ಕಾವಲಿಯ ಕೆಲಸ ನಾಲ್ಕು ಪಟ್ಟಾಗುತ್ತದೆ, ಗಲ್ಲಾದವರಿಗೆ ಏನೂ ವ್ಯತ್ಯಾಸವಿಲ್ಲ. ಒಂದು ದೋಸೆಗೆ ಒಂದೇ ಟೋಕನ್. 1080ಪಿಯಿಂದ 4ಕೆಗೆ ಹೋದಾಗ ಆಗುವುದು ಇದೇ. ಚುಕ್ಕಿ ಹೆಚ್ಚಾದಷ್ಟೂ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಹರ್ಟ್ಸ್ ಹೆಚ್ಚಿಸಿದರೆ ಮಾತ್ರ ಸೆಕೆಂಡಿಗೆ ಬರೆಯಬೇಕಾದ ಟೋಕನ್ ಹೆಚ್ಚಾಗಿ ಇಬ್ಬರಿಗೂ ಬೆವರಿಳಿಯುತ್ತದೆ.

ಯೂಟ್ಯೂಬಿನ ವಿಮರ್ಶಕರು ಪ್ರೊಸೆಸರುಗಳನ್ನು 1080ಪಿಯಲ್ಲೇ ಏಕೆ ಪರೀಕ್ಷಿಸುತ್ತಾರೆ ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ದೋಸೆ ಚಿಕ್ಕದು ಮಾಡಿ ಕಾವಲಿಗೆ ಕೆಲಸವೇ ಇಲ್ಲದ ಹಾಗೆ ಮಾಡಿದರೆ ಟೋಕನ್ ಬರೆಯುವವರ ವೇಗ ಮಾತ್ರ ಅಳತೆಗೆ ಸಿಗುತ್ತದೆ. ಅದು ನ್ಯಾಯವಾದ ಪರೀಕ್ಷೆ. ಆದರೆ ಆ ಪಟ್ಟಿಯಲ್ಲಿ ಇಪ್ಪತ್ತು ಪರ್ಸೆಂಟ್ ಮುಂದಿರುವ ಪ್ರೊಸೆಸರ್ ನಿಮ್ಮ 4ಕೆ ಪರದೆಯಲ್ಲೂ ಇಪ್ಪತ್ತು ಪರ್ಸೆಂಟ್ ಮುಂದಿರುತ್ತದೆ ಎಂದುಕೊಂಡರೆ ಮೋಸ ಹೋದಿರಿ. ಅಲ್ಲಿ ಕಾವಲಿಯೇ ಕಾಯಿಸುತ್ತಿರುತ್ತದೆ.

ಹಾಗಾದರೆ ಯಾವ ಪ್ರೊಸೆಸರ್? ಗೇಮಿಂಗಿಗೇ ಆದರೆ ಎಎಂಡಿಯ 'ಎಕ್ಸ್3ಡಿ' ಸಾಲಿನದು. ರೈಜನ್ 7 9800ಎಕ್ಸ್3ಡಿ 2024ರ ನವೆಂಬರಿನಲ್ಲಿ ಬಂದಿತು. ಅದರಲ್ಲಿರುವುದು ಎಂಟೇ ಕೋರ್. ವಿಶೇಷವಿರುವುದು ಮೂರನೇ ಹಂತದ ಕ್ಯಾಶ್‌ನಲ್ಲಿ. ಅದೇ ಪೀಳಿಗೆಯ ಮಾಮೂಲಿ ಎಂಟು ಕೋರಿನ 9700ಎಕ್ಸ್‌ಗೆ 32 ಎಂಬಿ ಇದ್ದರೆ ಇದಕ್ಕೆ 96. ಮತ್ತೆ ಗಲ್ಲಾಕ್ಕೇ ಬರೋಣ. ಪ್ರತಿ ಗಿರಾಕಿಗೂ ಚಿಲ್ಲರೆ ತರಲು ಒಳಮನೆಯ ಬೀರುವಿಗೆ ಎದ್ದು ಹೋಗುವವರು ಎಷ್ಟೇ ಚುರುಕಾಗಿದ್ದರೂ ಸಾಲು ಬೆಳೆಯುತ್ತದೆ. ಕೈಗೆಟುಕುವ ಡ್ರಾಯರ್ ಮೂರು ಪಟ್ಟು ದೊಡ್ಡದಾದರೆ ಏಳುವ ಕೆಲಸವೇ ಕಡಿಮೆ. ಡ್ರಾಯರ್ ಎಂದರೆ ಕ್ಯಾಶ್, ಒಳಮನೆಯ ಬೀರು ಎಂದರೆ ರ‍್ಯಾಮ್. ಆಟಗಳು ಒಂದೇ ಬಗೆಯ ಮಾಹಿತಿಯನ್ನು ಪದೇ ಪದೇ ಕೇಳುವುದರಿಂದ ಈ ಉಪಾಯ ಅವುಗಳಿಗೆ ಹೇಳಿ ಮಾಡಿಸಿದಂತಿದೆ.

ಈ ಸಾಲಿನ ಮೊದಲ ಡೆಸ್ಕ್‌ಟಾಪ್ ಪ್ರೊಸೆಸರ್ 2022ರ 5800ಎಕ್ಸ್3ಡಿ. ಅದರಲ್ಲಿ ಹೆಚ್ಚುವರಿ ಕ್ಯಾಶ್ ಪದರ ಕೋರುಗಳ ತಲೆಯ ಮೇಲೆ ಕೂತಿತ್ತು, ಮೈಮೇಲೆ ಕಂಬಳಿ ಹೊದ್ದು ಓಡಿದ ಹಾಗೆ. 9800ಎಕ್ಸ್3ಡಿಯಲ್ಲಿ ಅದನ್ನು ಕೆಳಕ್ಕೆ ತಳ್ಳಿದ್ದಾರೆ. ಕೋರಿನ ಬಿಸಿ ನೇರ ಕೂಲರಿಗೆ ಹೋಗುತ್ತದೆ, ಅದಕ್ಕೇ ವೇಗವೂ 5.2 ಗಿಗಾಹರ್ಟ್ಸ್ ತನಕ ಏರುತ್ತದೆ. ಅಳಿಯನ ಪಟ್ಟಿಯಲ್ಲಿದ್ದ ಹದಿನಾರು ಕೋರಿನದು ವಿಡಿಯೊ ಎಡಿಟಿಂಗ್ ಮಾಡುವವರಿಗೆ ಸರಿ. ಬರೀ ಆಟಕ್ಕೆ ಅದು ಮೂಗಿಗಿಂತ ಮೂಗುತಿ ಭಾರ.

ಸೆಕೆಂಡ್ ಹ್ಯಾಂಡ್ ಇಂಟೆಲ್ ಹುಡುಕುವವರಿಗೆ ಒಂದು ಮಾತು. 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚು ವೋಲ್ಟೇಜ್ ಬಿದ್ದು ಕೆಡುತ್ತಿದ್ದವು. 2024ರಲ್ಲಿ ಕಂಪನಿಯೇ ಅದನ್ನು ಒಪ್ಪಿಕೊಂಡು ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಪೆಟ್ಟು ತಿಂದ ಚಿಪ್ಪನ್ನು ತಿದ್ದುಪಡಿ ಮೊದಲಿನಂತೆ ಮಾಡುವುದಿಲ್ಲ. ಬಿಲ್ಲು, ವಾರಂಟಿ ಇಲ್ಲದೆ ಅವನ್ನು ಮುಟ್ಟಬೇಡಿ.

ಕಾರ್ಡಿನ ವೇಗ, ಕಾರ್ಡಿನ ನೆನಪು

2025ರಲ್ಲಿ ಬಂದ ಕಾರ್ಡುಗಳಲ್ಲಿ ಮೇಲಿನ ಮೆಟ್ಟಿಲು ಆರ್‌ಟಿಎಕ್ಸ್ 5090: 32 ಜಿಬಿ ಮೆಮೊರಿ, 575 ವ್ಯಾಟ್. ಅದರ ಕೆಳಗೆ 5080: 16 ಜಿಬಿ, 360 ವ್ಯಾಟ್. ಆಮೇಲೆ 5070 ಟಿಐ: ಅದೂ 16 ಜಿಬಿ, 300 ವ್ಯಾಟ್. ಎಎಂಡಿ ಕಡೆಯಿಂದ ಆರ್‌ಎಕ್ಸ್ 9070 ಎಕ್ಸ್‌ಟಿ: 16 ಜಿಬಿ, 304 ವ್ಯಾಟ್. ಅಮೆರಿಕದ ಬಿಡುಗಡೆ ಬೆಲೆಯಲ್ಲಿ ಇವು ಕ್ರಮವಾಗಿ 1,999, 999, 749 ಮತ್ತು 599 ಡಾಲರ್. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬೆಲೆ ಎರಡು ಪಟ್ಟು, ವೇಗ ಎರಡು ಪಟ್ಟಿಲ್ಲ. 4ಕೆ 240 ಹರ್ಟ್ಸ್ ಪರದೆ ಇಟ್ಟುಕೊಂಡು ಪಾತ್ ಟ್ರೇಸಿಂಗ್ (ಬೆಳಕು ಹರಿಯುವ ದಾರಿಯನ್ನೇ ಲೆಕ್ಕ ಹಾಕಿ ಬಿಡಿಸುವ ವಿಧಾನ) ಹಾಕಿಯೇ ಆಡುವವರು, ಅಥವಾ ಹಗಲು ಅದೇ ಯಂತ್ರದಲ್ಲಿ 3ಡಿ, ಎಐ ಕೆಲಸ ಮಾಡಿ ರಾತ್ರಿ ಆಡುವವರು 5090 ಕೊಂಡರೆ ನಾನು ಬೇಡ ಎನ್ನುವುದಿಲ್ಲ. ಉಳಿದವರಿಗೆ ಅದು ಆಸೆ. ಆಸೆಯೂ ಒಂದು ಕಾರಣವೇ, ಆದರೆ ಹಾಗೆಂದು ಗೊತ್ತಿದ್ದು ಕೊಳ್ಳಿ.

ಮೆಮೊರಿ ಎಷ್ಟು ಜಿಬಿ ಎನ್ನುವುದು ಬರೀ ಡಬ್ಬದ ಮೇಲಿನ ಅಂಕಿಯಲ್ಲ. ಆಟದ ಗೋಡೆ, ಬಟ್ಟೆ, ಮುಖಗಳ ಚಿತ್ರಗಳೆಲ್ಲ ಕಾರ್ಡಿನೊಳಗಿನ ಮೆಮೊರಿಯಲ್ಲಿ ಕೂರಬೇಕು. 5080ರಲ್ಲಿ ಆ ಮೆಮೊರಿಯಿಂದ ಸೆಕೆಂಡಿಗೆ 960 ಜಿಬಿ ಮಾಹಿತಿ ಓಡಾಡುತ್ತದೆ. ಜಾಗ ಸಾಲದೆ ಉಕ್ಕಿದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ತರಬೇಕಾದರೆ ದಾರಿ ಕಾರ್ಡು ಕೂರುವ ಪಿಸಿಐಇ ಸ್ಲಾಟ್ ಒಂದೇ. ಐದನೇ ಪೀಳಿಗೆಯದಾದರೂ ಅಲ್ಲಿ ಸೆಕೆಂಡಿಗೆ ಸುಮಾರು 64 ಜಿಬಿ. ಆರು ಲೇನ್ ಹೈವೇಯಿಂದ ಸಂತೆ ಬೀದಿಗೆ ಇಳಿದ ಹಾಗೆ. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಚೆನ್ನಾಗಿಯೇ ಕಾಣುತ್ತದೆ, ಆದರೆ ತಿರುವು ತೆಗೆದುಕೊಂಡಾಗಲೆಲ್ಲ ಚಿತ್ರ ತಡವರಿಸುತ್ತದೆ. ಅದಕ್ಕೇ ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲಿ '1 ಪರ್ಸೆಂಟ್ ಲೋ' ಎಂಬ ಇನ್ನೊಂದು ಅಂಕಿ ಇರುತ್ತದೆ: ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಚಿತ್ರಗಳ ಲೆಕ್ಕ. ಸರಾಸರಿಗಿಂತ ಮೊದಲು ನಾನು ಓದುವುದು ಅದನ್ನು. 1440ಪಿಗೂ 4ಕೆಗೂ ಈಗ 16 ಜಿಬಿಗಿಂತ ಕಡಿಮೆ ಕೊಳ್ಳಬಾರದು.

ಜಾಹೀರಾತಿನ ಅಂಕಿಗಳಲ್ಲಿ ಇನ್ನೊಂದು ಬಲೆ ಇದೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಎಂಬ ಹೆಸರಿನಡಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಒಂದು, ಕಡಿಮೆ ಚುಕ್ಕಿಯಲ್ಲಿ ಬಿಡಿಸಿ ದೊಡ್ಡದು ಮಾಡುವುದು. 4ಕೆ ಪರದೆಯಲ್ಲಿ 'ಕ್ವಾಲಿಟಿ' ಎಂದು ಆರಿಸಿದರೆ ಒಳಗೆ ಬಿಡಿಸುವುದು 1440ಪಿ, 'ಪರ್ಫಾರ್ಮೆನ್ಸ್' ಎಂದರೆ 1080ಪಿ. ಈಗಿನ ಗುಣಮಟ್ಟ ಚೆನ್ನಾಗಿದೆ, ಕಣ್ಣು ಮುಚ್ಚಿ ಬಳಸಬಹುದು. ಎರಡನೆಯದು ಫ್ರೇಮ್ ಜನರೇಶನ್: ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಊಹಿಸಿದ ಚಿತ್ರಗಳನ್ನು ತೂರಿಸುವುದು. 50 ಸರಣಿಯ ಆರ್‌ಟಿಎಕ್ಸ್ ಕಾರ್ಡುಗಳು ಒಂದರ ಹಿಂದೆ ಮೂರು ಊಹೆ ಸೇರಿಸಬಲ್ಲವು, 60 ಇದ್ದದ್ದು 240 ಎಂದು ತೋರುತ್ತದೆ. ಕಣ್ಣಿಗೆ ನಯ, ನಿಜ. ಆದರೆ ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವುದು ಆ 60ರ ಲೆಕ್ಕದಲ್ಲೇ, ಚೂರು ತಡವಾಗಿಯೇ. ಮೂಲದಲ್ಲಿ 30 ಮಾತ್ರ ಬರುತ್ತಿದ್ದರೆ ಊಹೆ ಸೇರಿಸಿ 120 ಮಾಡಿದರೂ ಕೈಗೆ ಕೆಸರಿನಲ್ಲಿ ಕಾಲಿಟ್ಟ ಅನುಭವ. ಕಾರ್ಡು ಹೋಲಿಸುವಾಗ ಈ ಊಹೆಯ ಚಿತ್ರಗಳನ್ನು ಕಳೆದು ನೋಡಿ.

ಅಳಿಯ ಕೊನೆಗೆ 5070 ಟಿಐ ಹಿಡಿದ. ಉಳಿದ ದುಡ್ಡಿನಲ್ಲಿ 27 ಇಂಚಿನ 1440ಪಿ, 240 ಹರ್ಟ್ಸ್ ಓಎಲ್‌ಇಡಿ ಪರದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಚೌಕಾಸಿ ಬಿದ್ದಾಗ ಮೊದಲು ಕತ್ತರಿ ಬೀಳುವುದು ಎಸ್‌ಎಂಪಿಎಸ್ ಮೇಲೆ. 'ಅದೇ ವ್ಯಾಟ್ ಸಾರ್, ಬೇರೆ ಕಂಪನಿ, ನಾಲ್ಕು ಸಾವಿರ ಕಮ್ಮಿ' ಎನ್ನುತ್ತಾರೆ. ಎರಡು ಲಕ್ಷದ ಸಾಮಾನು ಆ ನಾಲ್ಕು ಸಾವಿರದ ಮೇಲೆ ನಿಂತಿರುತ್ತದೆ.

ಲೆಕ್ಕ ಸರಳ. ಕಾರ್ಡಿನ ವ್ಯಾಟ್, ಪ್ರೊಸೆಸರಿನ ಗರಿಷ್ಠ ವ್ಯಾಟ್, ಉಳಿದದ್ದಕ್ಕೆ ಎಪ್ಪತ್ತೈದೋ ನೂರೋ ಕೂಡಿಸಿ. 5070 ಟಿಐಗೆ 300, 9800ಎಕ್ಸ್3ಡಿಗೆ 162, ಉಳಿದದ್ದಕ್ಕೆ 100: ಒಟ್ಟು 562. ಅಷ್ಟಕ್ಕೇ 600 ವ್ಯಾಟಿನದು ಸಾಕಲ್ಲವೇ? ಸಾಲದು. ಗ್ರಾಫಿಕ್ಸ್ ಕಾರ್ಡುಗಳು ಮೈಕ್ರೊಸೆಕೆಂಡುಗಳ ಮಟ್ಟಿಗೆ ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ. ಆರ್‌ಟಿಎಕ್ಸ್ 30 ಸರಣಿಯ ಕಾಲದಲ್ಲಿ ಆಟದ ನಡುವೆ ಪಿಸಿಗಳು ದಿಢೀರನೆ ಆರಿಹೋಗುತ್ತಿದ್ದದ್ದು ಇದರಿಂದಲೇ. 2022ರ ಎಟಿಎಕ್ಸ್ 3.0 ನಿಯಮದ ಪ್ರಕಾರ ಎಸ್‌ಎಂಪಿಎಸ್ ತನ್ನ ವ್ಯಾಟಿನ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕು. ಡಬ್ಬದ ಮೇಲೆ ಎಟಿಎಕ್ಸ್ 3.0 ಅಥವಾ 3.1 ಎಂದಿದೆಯೇ ನೋಡಿ. 5070 ಟಿಐಗೆ 750ರಿಂದ 850, 5080ಗೆ 850, 5090ಗೆ 1000 ವ್ಯಾಟ್. '80 ಪ್ಲಸ್ ಗೋಲ್ಡ್' ಎನ್ನುವುದು ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬುದರ ಅಳತೆ, ಗಟ್ಟಿತನದ ಸರ್ಟಿಫಿಕೇಟಲ್ಲ. ಹತ್ತು ವರ್ಷ ವಾರಂಟಿ ಕೊಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಕಾರ್ಡಿಗೆ ವಿದ್ಯುತ್ ಹೋಗುವ ಹದಿನಾರು ಪಿನ್ನಿನ ಕನೆಕ್ಟರನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕಿರುಬೆರಳ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಅದರ ಮಿತಿ 600 ವ್ಯಾಟ್. 12 ವೋಲ್ಟಿನಲ್ಲಿ 600 ವ್ಯಾಟ್ ಎಂದರೆ 50 ಆಂಪಿಯರ್; ಅದನ್ನು ಹೊರುವುದು ಆರೇ ಪಿನ್ನು, ತಲಾ 8.3 ಆಂಪಿಯರ್. ಒಂದು ಪಿನ್ನಿಗೆ ತಾಳಿಕೆ ಇರುವುದು 9.5ರಷ್ಟು. ಹಳೆಯ ಎಂಟು ಪಿನ್ನಿನದರಲ್ಲಿ 150 ವ್ಯಾಟಿಗೆ ಮೂರು ಪಿನ್ನು, ತಲಾ 4.2 ಆಂಪಿಯರ್ ಮಾತ್ರ. ಅಂದರೆ ಹೊಸದರಲ್ಲಿ ತಪ್ಪಿಗೆ ಜಾಗವೇ ಇಲ್ಲ. ಪೂರ್ತಿ ಒಳಗೆ ಕೂರದೆ ಒಂದೆರಡು ಪಿನ್ನು ಸಡಿಲವಾದರೆ ಉಳಿದವು ಅದರ ಪಾಲನ್ನೂ ಹೊತ್ತು ಕಾದು ಪ್ಲಾಸ್ಟಿಕ್ ಕರಗುತ್ತದೆ. 2022ರಲ್ಲಿ 4090 ಕಾರ್ಡುಗಳಲ್ಲಿ ಆದದ್ದು ಇದು. ಆಮೇಲೆ ಬಂದ ತಿದ್ದಿದ ರೂಪಕ್ಕೆ 12ವಿ-2ಎಕ್ಸ್6 ಎಂದು ಹೆಸರು. ಅರ್ಧ ಒಳಗೆ ಹೋಗಿದ್ದರೆ ಕಾರ್ಡು ವಿದ್ಯುತ್ತನ್ನೇ ಎಳೆಯದಿರಲಿ ಎಂದು ಅದರಲ್ಲಿ ಸಂವೇದಕ ಪಿನ್ನುಗಳನ್ನು ಗಿಡ್ಡ ಮಾಡಿದ್ದಾರೆ. ಹಾಗಿದ್ದರೂ ಕಾರ್ಡಿನ ಅಂಚಿಗೆ ಸಂದೇ ಕಾಣದ ಹಾಗೆ ಒತ್ತಿ, ಟಾರ್ಚು ಹಾಕಿ ನೋಡಿ, ಕೇಬಲನ್ನು ಮೂರು ನಾಲ್ಕು ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ಬಗ್ಗಿಸಿ. ಎಸ್‌ಎಂಪಿಎಸ್ ಜೊತೆ ಬಂದ ಕೇಬಲನ್ನೇ ಬಳಸಿ; ಇನ್ನೊಂದು ಎಸ್‌ಎಂಪಿಎಸ್‌ನ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು.

ಇನ್ನು ಮನೆಯ ಕರೆಂಟು. ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದಲ್ಲ, ಅದು ಪಿಸಿಯ ದೋಷವಲ್ಲ, ಅರ್ಥಿಂಗ್ ಇಲ್ಲದ್ದು. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲಿ ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ವಿದ್ಯುತ್ತಿನ ಗದ್ದಲವನ್ನು ನೆಲಕ್ಕೆ ಹರಿಸಲು. ಅರ್ಥ್ ತಂತಿಯೇ ಇಲ್ಲದಾಗ ಆ ಎರಡರ ನಡುವೆ ಸಿಕ್ಕ ಮೈಯಲ್ಲಿ ಅರ್ಧ ವೋಲ್ಟೇಜ್, ಅಂದರೆ 115ರ ಆಸುಪಾಸು, ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಿಣುಕು ಬೆಳಕು. ಅಕ್ಕನ ಮನೆಯಲ್ಲೂ ಹಾಗೇ ಇತ್ತು. ಕಾರ್ಡಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ರೂಮಿಗೆ ಅರ್ಥ್ ಎಳೆಸಿದೆವು, ಜೊತೆಗೆ 16 ಆಂಪಿಯರ್ ಸಾಕೆಟ್ ಹಾಕಿಸಿದೆವು. ದೊಡ್ಡ ಎಸ್‌ಎಂಪಿಎಸ್‌ಗಳಲ್ಲಿ ಹಲವಕ್ಕೆ ಗೀಸರಿನದರಂತೆ ದಪ್ಪ ಪಿನ್ನಿನ ಪ್ಲಗ್ ಬರುತ್ತದೆ. ಅದನ್ನು ಕನ್ವರ್ಟರ್ ಹಾಕಿ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿಗೆ ತುರುಕುವುದು ನೋಡಿದರೆ ನನಗೆ ಹೆದರಿಕೆ.

ಯುಪಿಎಸ್ ಬೇಕು, ಆಟ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಆರಿಸಲಿಕ್ಕೆ. ಅದರ ಮೇಲೆ ಬರೆದಿರುವುದು ವಿಎ. 1000 ವಿಎ ಎಂದಿರುವ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 600 ವ್ಯಾಟ್. ಸಾಧ್ಯವಾದರೆ ಸೈನ್ ವೇವ್‌ನದೇ ತನ್ನಿ. ಮನೆಯ ಇನ್ವರ್ಟರ್‌ಗೇ ಹಾಕುವುದಾದರೆ ಅದರಲ್ಲಿ ಯುಪಿಎಸ್ ಮೋಡ್ ಇದೆಯೇ ನೋಡಿ, ಇಲ್ಲದಿದ್ದರೆ ಕರೆಂಟು ಬದಲಾಗುವ ಆ ಕಣ್ಣೆವೆಯಲ್ಲೇ ಪಿಸಿ ಸತ್ತು ಏಳುತ್ತದೆ.

(ಬಿಲ್ಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪರದೆ ಸೇರಿ 600 ವ್ಯಾಟ್, ದಿನಕ್ಕೆ ನಾಲ್ಕು ಗಂಟೆ ಎಂದರೆ ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗೆರೆಯ ಹತ್ತಿರ ಇರುವ ಮನೆಗಳಲ್ಲಿ ಇದು ಅಮ್ಮಂದಿರ ಕಣ್ಣಿಗೆ ಬೀಳುತ್ತದೆ. ನಮ್ಮ ಅಕ್ಕನ ಕಣ್ಣಿಗೆ ಬಿದ್ದಿದೆ.)

ಉಳಿದದ್ದು

ಮದರ್‌ಬೋರ್ಡಿನಲ್ಲಿ ದುಡ್ಡು ಉಳಿಸಬಹುದು. ಎಎಂಡಿಯ ಎಎಂ5 ಸಾಕೆಟ್ಟಿಗೆ ಬಿ650, ಬಿ850 ಬೋರ್ಡುಗಳೇ ಧಾರಾಳ. ದುಬಾರಿ ಎಕ್ಸ್870ಇ ಕೊಂಡು ಎಫ್‌ಪಿಎಸ್ ಹೆಚ್ಚೀತೆಂದು ಕಾಯಬೇಡಿ. ಎರಡನ್ನು ಮಾತ್ರ ನೋಡಿ: ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ಹಾಕುವ ಬಟನ್ ಇರಲಿ, ಮತ್ತು ಎರಡನೇ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಲೇನುಗಳು (ಮಾಹಿತಿ ಓಡಾಡುವ ದಾರಿಗಳು) ಅರ್ಧವಾಗುವ ಬೋರ್ಡೇ ಎಂದು ಮ್ಯಾನ್ಯುಯಲ್ ತೆರೆದು ಓದಿ.

ರ‍್ಯಾಮ್ ನಾಲ್ಕು ಸ್ಟಿಕ್ ಹಾಕಿದರೆ ನೋಡಲು ಚೆಂದ, ಓಡಲು ಕಷ್ಟ. ಎಎಂ5ನಲ್ಲಿ ನಾಲ್ಕು ಡಿಡಿಆರ್5 ಸ್ಟಿಕ್ಕಿಗೆ ಎಎಂಡಿ ಭರವಸೆ ಕೊಡುವ ವೇಗ 3600 ಮಾತ್ರ. 16 ಜಿಬಿಯ ಎರಡು ಸ್ಟಿಕ್, 6000 ವೇಗ, ಸಿಎಲ್ (ಕೇಳಿದ್ದಕ್ಕೆ ರ‍್ಯಾಮ್ ಎಷ್ಟು ಕಾಯಿಸುತ್ತದೆ ಎಂಬ ಅಂಕಿ) 30 ತೆಗೆದುಕೊಳ್ಳಿ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನಿಜವಾದ ವಿಳಂಬ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ: 6000ಕ್ಕೆ ಸಿಎಲ್ 30 ಆದರೆ 10, ಸಿಎಲ್ 40 ಆದರೆ 13.3. ಎಕ್ಸ್3ಡಿಯ ದೊಡ್ಡ ಡ್ರಾಯರ್ ಇರುವವರಿಗೆ ಈ ವ್ಯತ್ಯಾಸವೂ ಅಷ್ಟಾಗಿ ತಟ್ಟದು. ಅಂದಹಾಗೆ ಅವನು ಕೊಂಡದ್ದು ಪುಣ್ಯಕಾಲದಲ್ಲಿ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೇರಿತು.

ಎಸ್‌ಎಸ್‌ಡಿ ವಿಷಯ ಚಿಕ್ಕದು. ಐದನೇ ಪೀಳಿಗೆಯದು ಸೆಕೆಂಡಿಗೆ 14,000 ಎಂಬಿ ಓದುತ್ತದೆ, ನಾಲ್ಕನೆಯದು 7,000. ಆಟ ಲೋಡ್ ಆಗುವಾಗ ಆ ಎರಡು ಪಟ್ಟು ಕಣ್ಣಿಗೆ ಕಾಣುವುದೇ ಇಲ್ಲ. ನಾಲ್ಕನೇ ಪೀಳಿಗೆಯ 2 ಟಿಬಿ ತೆಗೆದುಕೊಳ್ಳಿ. ಒಂದೊಂದು ಆಟವೇ 100 ಜಿಬಿ ದಾಟುವ ಕಾಲ ಇದು.

ಕ್ಯಾಬಿನೆಟ್ಟಿಗೆ ಬಂದರೆ, ಮುಂಭಾಗ ಜಾಲರಿ ಇರಲಿ. 300 ವ್ಯಾಟ್ ಕಾರ್ಡು ಅಷ್ಟೂ ಬಿಸಿಯನ್ನು ಆ ಪೆಟ್ಟಿಗೆಯೊಳಗೇ ಉಗುಳುತ್ತದೆ. ಯಾವ ಕೂಲರೂ ಕೋಣೆಗಿಂತ ತಣ್ಣಗೆ ಮಾಡಲಾರದು. ಯುರೋಪಿನ ವಿಮರ್ಶಕರು 21 ಡಿಗ್ರಿಯಲ್ಲಿ ಅಳೆದ 70 ಡಿಗ್ರಿ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ 86 ಆಗುತ್ತದೆ. ಒಳಗೆಳೆಯುವ ಫ್ಯಾನ್ ಹೊರಹಾಕುವುದಕ್ಕಿಂತ ಹೆಚ್ಚಿದ್ದರೆ ಸಂದುಗೊಂದಿನಿಂದ ಧೂಳು ನುಗ್ಗುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. 9800ಎಕ್ಸ್3ಡಿಗೆ ಎರಡು ಫ್ಯಾನಿನ ಒಳ್ಳೆಯ ಏರ್ ಕೂಲರ್ ಸಾಕು, ನೀರಿನದು ಶೋಕಿ. ಹಾಕಿಸಿಯೇ ತೀರುತ್ತೀರಾದರೆ ಪಂಪು ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವಾಗದ ಹಾಗೆ ನೋಡಿಕೊಳ್ಳಿ, ಗಾಳಿಗುಳ್ಳೆ ಅಲ್ಲಿ ಸೇರಿದರೆ ಕರಕರ ಸದ್ದು ಶುರು. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ? ಕೇಳಲು ನಗು ಬರುತ್ತದೆ, ಆದರೆ ಬಿಸಿಯ ದೂರು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಅಮೆರಿಕದಿಂದ ಬರುವ ಅಣ್ಣನ ಸೂಟ್‌ಕೇಸಿನಲ್ಲಿ ಕಾರ್ಡು ತರಿಸುವ ಮುಂಚೆ ಆ ಕಂಪನಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ವಿಚಾರಿಸಿ. ಹಲವರದು ನಡೆಯುವುದಿಲ್ಲ.

ಅಳಿಯ ಕೊನೆಗೆ ಎಲ್ಲವನ್ನೂ ತಾನೇ ಜೋಡಿಸಿದ. ರಾತ್ರಿ ಹನ್ನೊಂದಕ್ಕೆ ಫೋನು. 'ಮಾಮ, ಫ್ಯಾನ್ ತಿರುಗ್ತಾ ಇದಾವೆ, ಪರದೆ ಮಾತ್ರ ಕಪ್ಪು. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ.'

'ಕೇಬಲ್ ಎಲ್ಲಿಗೆ ಹಾಕಿದೀಯಪ್ಪ? ಮದರ್‌ಬೋರ್ಡಿಗಾ, ಕಾರ್ಡಿಗಾ?'

'ಕಾರ್ಡಿಗೇ.'

'ಹಂಗಾದ್ರೆ ಮುಟ್ಟಬೇಡ. ಹೋಗಿ ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಬಾ.'

ಡಿಡಿಆರ್5 ಇರುವ ಎಎಂ5 ಬೋರ್ಡು ಮೊದಲ ಸಲ ಏಳುವಾಗ ರ‍್ಯಾಮ್‌ನ ಪ್ರತಿ ದಾರಿಯನ್ನೂ ತಾಳೆ ನೋಡಿ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಹಲವು ನಿಮಿಷ ಬೇಕು, ಅಷ್ಟು ಹೊತ್ತೂ ಪರದೆಯ ಮೇಲೆ ಏನೂ ಬರುವುದಿಲ್ಲ. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ. ಎರಡು ಸಲ ಆರಿಸಿದ್ದ ಹುಡುಗ ಮೂರನೇ ಸಲ ಕಾದ. ಐದನೇ ನಿಮಿಷಕ್ಕೆ ಫೋನಿನೊಳಗೆ ಕೂಗು ಕೇಳಿಸಿತು, ಹಿಂದೆಯೇ ಅಕ್ಕ ಗದರಿದ್ದೂ ಕೇಳಿಸಿತು.

ಬಯಾಸಿಗೆ ಹೋಗಿ ಎಕ್ಸ್‌ಪೊ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿಸಿದೆ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ತೆವಳುತ್ತಿರುತ್ತದೆ. ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಆಟ ಇಳಿಸಿಕೊಳ್ಳುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಸಂಜೆ ಮತ್ತೆ ಫೋನು, ಈ ಸಲ ದನಿ ಸಪ್ಪೆ. 'ಚೆನ್ನಾಗಿದೆ ಮಾಮ. ಆದ್ರೆ ಹಳೇ ಮಾನಿಟರಿಗೂ ಇದಕ್ಕೂ ಅಂಥಾ ವ್ಯತ್ಯಾಸ ಏನೂ ಅನ್ನಿಸ್ತಿಲ್ಲ. ಇಷ್ಟು ದುಡ್ಡು...'

'ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗಿ. ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಎಷ್ಟು ಹರ್ಟ್ಸ್ ಅಂತಿದೆ?'

ಆ ಕಡೆಯಿಂದ ಸ್ವಲ್ಪ ಹೊತ್ತು ಮೌಸ್ ಟಕಟಕ.

'ಅರವತ್ತು.'